ಮಕ್ಕಳ ಬುತ್ತಿಯೂ ಅಹಿಂಸಾಣುವ್ರತವೂ

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ವ್ರತವು ಪೂರ್ಣವಾಗಿ ಭಂಗವಾಗದಿದ್ದರೂ ಅದಕ್ಕೆ ತಗಲುವ ಕಳಂಕವೇ ಅತಿಚಾರ. ಅಹಿಂಸಾಣುವ್ರತದ ಅತಿಚಾರಗಳು ಇವು: ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಭಾರ ಹೊರಿಸುವುದು ಮತ್ತು ಅನ್ನಪಾನಗಳನ್ನು ತಡೆಯುವುದು. ಈ ಐದನೆಯದಕ್ಕೆ ಅನ್ನಪಾನನಿರೋಧವೆಂದು ಹೆಸರು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಹಸು ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನು ಉಂಟುಮಾಡುವುದು ಎಂದು ಅರ್ಥ ಹೇಳಿದ್ದಾರೆ. ಹಟ್ಟಿಯಲ್ಲಿ ಕಟ್ಟಿದ ಹಸು ತಾನಾಗಿ ಮೇವನ್ನು ಹುಡುಕಿಕೊಂಡು ಹೋಗಲಾರದು. ಕಟ್ಟಿದವನೇ ಅದರ ಹಸಿವಿಗೆ ಹೊಣೆ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಈ ಗ್ರಂಥದ ವಾಚನ ನಡೆಯುವುದು ನಮ್ಮಲ್ಲಿ ರೂಢಿ. ಏಳನೆಯ ದಿನ ಈ ಸೂತ್ರ ಬಂದಾಗಲೆಲ್ಲ ನನಗೆ ಹಸುವಿನ ನೆನಪಾಗುವುದಿಲ್ಲ. ಒಬ್ಬ ಹುಡುಗನ ನೆನಪಾಗುತ್ತದೆ.

ನಾನು ಬಿ.ಎಡ್. ಮುಗಿಸಿ ಕರಾವಳಿಯ ಒಂದು ಪ್ರೌಢಶಾಲೆಗೆ ಸೇರಿದ ಹೊಸತು. ಎಂಬತ್ತರ ದಶಕ, ಆಗ ನಮ್ಮ ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ. ಮಕ್ಕಳು ಮನೆಯಿಂದ ತಂದ ಬುತ್ತಿಯನ್ನು ತರಗತಿಯಲ್ಲೇ ಕುಳಿತು ಉಣ್ಣುತ್ತಿದ್ದರು. ಮಳೆಗಾಲದಲ್ಲಿ ಕಿಟಕಿಗಳನ್ನು ಮುಚ್ಚಿದರೆ ಇಡೀ ಕೋಣೆಯಲ್ಲಿ ಒಣಮೀನಿನ ವಾಸನೆ ತುಂಬಿಕೊಳ್ಳುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಿನವೂ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ತರುತ್ತಿದ್ದ. ಅವನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಒಂದು ದಿನ ನಾನು ಅವನನ್ನು ಕರೆದು, ನಾಳೆಯಿಂದ ಅದನ್ನು ತರಬೇಡ, ಬೇರೆ ಏನಾದರೂ ತಾ ಎಂದೆ. ಬೈಯಲಿಲ್ಲ, ಬೆತ್ತ ಎತ್ತಲಿಲ್ಲ. ಬಹಳ ಸೌಮ್ಯವಾಗಿಯೇ ಹೇಳಿದೆನೆಂಬ ತೃಪ್ತಿ ನನಗಿತ್ತು. ಅವನು ತಲೆಯಾಡಿಸಿದ. ಮರುದಿನದಿಂದ ವಾಸನೆ ಬರಲಿಲ್ಲ.

ಸುಮಾರು ಒಂದು ತಿಂಗಳ ಬಳಿಕ ಶಾಲೆಯ ಜವಾನರು ನನ್ನ ಬಳಿ ಬಂದು, "ಆ ಹುಡುಗ ಮಧ್ಯಾಹ್ನ ಏನೂ ಉಣ್ಣುವುದಿಲ್ಲ ಮಾಸ್ಟ್ರೇ. ಬಾವಿಕಟ್ಟೆಯ ಹತ್ತಿರ ನೀರು ಕುಡಿದು ಕುಳಿತಿರುತ್ತಾನೆ, ನಿಮಗೆ ಗೊತ್ತಿಲ್ಲವೇ?" ಎಂದು ಕೇಳಿದರು. ಅವನನ್ನು ವಿಚಾರಿಸಿದೆ. "ಮನೆಯಲ್ಲಿ ಬೇರೆ ಪದಾರ್ಥ ಇಲ್ಲ ಸರ್. ಬರೀ ಅನ್ನ ತಂದರೆ ಎಲ್ಲರೂ ನಗುತ್ತಾರೆ" ಎಂದ. ಆ ತಿಂಗಳು ಪೂರ್ತಿ ನಾನು ಮನೆಯಿಂದ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದ ನೀರನ್ನು ಬಾಟಲಿಯಲ್ಲಿ ತಂದು, ಕಣ್ಣಿಗೆ ಕಾಣದ ಜಲಜೀವಿಗಳಿಗೂ ನೋವಾಗದಂತೆ ಕುಡಿಯುತ್ತಿದ್ದೆ. ನಾಳೆಯಿಂದ ಏನು ಬೇಕಾದರೂ ತಾ ಎಂದು ಅವನಿಗೆ ಹೇಳಿದೆ, ಅವನು ತರಲಿಲ್ಲ. ಮರುವರ್ಷ ಶಾಲೆ ಬಿಟ್ಟ. ಬುತ್ತಿಯೇ ಅದಕ್ಕೆ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಮಕ್ಕಳು ಏನನ್ನು ತಿನ್ನಬೇಕು, ಏನನ್ನು ಕುಡಿಯಬೇಕು ಎಂಬುದನ್ನು ಶಾಲೆ ನಿರ್ಧರಿಸಬಹುದೇ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಆಗಾಗ ಏಳುತ್ತಿರುತ್ತದೆ. ಮಾಂಸಾಹಾರದ ಬುತ್ತಿಯನ್ನು ಕಳುಹಿಸಬೇಡಿರೆಂದು ಪೋಷಕರಿಗೆ ಸೂಚಿಸುವ ಖಾಸಗಿ ಶಾಲೆಗಳಿವೆ. ಇನ್ನೊಂದೆಡೆ ಸರ್ಕಾರಿ ಶಾಲೆಗಳ ಮೊಟ್ಟೆಯ ವಿವಾದವಿದೆ. ಜೈನನಾದ ನನ್ನಿಂದ ಜನರು ಯಾವ ಉತ್ತರವನ್ನು ನಿರೀಕ್ಷಿಸುತ್ತಾರೆಂಬುದು ನನಗೆ ಗೊತ್ತು. ಆಹಾರದ ವಿಷಯದಲ್ಲಿ ನಮ್ಮಷ್ಟು ಕಟ್ಟುಪಾಡುಗಳನ್ನು ಇಟ್ಟುಕೊಂಡ ಸಮಾಜ ಬೇರೊಂದಿಲ್ಲವೆಂದೇ ಹೇಳಬೇಕು. ಸೂರ್ಯಾಸ್ತದ ಬಳಿಕ ಊಟವಿಲ್ಲ, ಕಂದಮೂಲವಿಲ್ಲ, ಜೇನಿಲ್ಲ, ಸೋಸದ ನೀರಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಅಥವಾ ಏಕಭುಕ್ತ. ಹೀಗಿರುವಾಗ ಶಾಲೆಯಲ್ಲಿ ನಿಯಂತ್ರಣವಿರಲಿ ಎಂದು ನಾವು ಹೇಳುವುದೇ ಸಹಜವಲ್ಲವೇ?

ಆದರೆ ನಮ್ಮ ಕಟ್ಟುಪಾಡುಗಳ ಸ್ವರೂಪವನ್ನು ಆಚಾರ್ಯರು ಹೇಗೆ ನಿರೂಪಿಸಿದ್ದಾರೆಂಬುದನ್ನು ನೋಡಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂಬ ಅರ್ಥದ ಮಾತನ್ನು ಹೇಳುತ್ತಾರೆ. ಸಂಕಲ್ಪವೆಂಬುದು ಇಲ್ಲಿ ಮುಖ್ಯ. ಕೈಗೆ ಸಿಗದ್ದನ್ನು ತಿನ್ನದಿರುವುದು ವ್ರತವಾಗದು. ಮತ್ತೊಬ್ಬರು ತಡೆದುದರಿಂದ ತಿನ್ನದಿರುವುದೂ ವ್ರತವಾಗದು. ಅವಧಿಯಿರುವ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಅವರು ಬೇರ್ಪಡಿಸಿದರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ನಿಯಮವನ್ನೇ. ಪರ್ವದ ದಿನ ಬಸದಿಯಲ್ಲಿ ಏಳೆಂಟು ವರ್ಷದ ಮಗು ಕೈಮುಗಿದು, ಇವತ್ತು ಒಂದು ದಿನ ಸಿಹಿ ತಿನ್ನುವುದಿಲ್ಲ ಎನ್ನುತ್ತದೆ. ಸಂಜೆ ಅಜ್ಜಿ ಅದರ ಮುಂದೆಯೇ ಲಾಡು ಕಟ್ಟುತ್ತಿದ್ದರೂ ಮುಟ್ಟುವುದಿಲ್ಲ. (ಮರುದಿನ ಬೆಳಿಗ್ಗೆ ಎರಡು ತಿನ್ನುತ್ತದೆ, ಅದು ಬೇರೆ ಮಾತು.) ಆ ಒಂದು ದಿನದಲ್ಲಿ ಮಗು ಕಲಿತದ್ದನ್ನು ಯಾವ ಶಾಲೆಯ ಸುತ್ತೋಲೆಯೂ ಕಲಿಸಲಾರದು.

ದಿಗಂಬರ ಮುನಿಗಳ ಆಹಾರಚರ್ಯೆಯನ್ನು ಕಂಡವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದಿನಕ್ಕೆ ಒಂದೇ ಬಾರಿ, ನಿಂತು, ತಮ್ಮ ಕೈಗಳನ್ನೇ ಪಾತ್ರೆಯಾಗಿಸಿಕೊಂಡು ಅವರು ಆಹಾರ ಸ್ವೀಕರಿಸುತ್ತಾರೆ. ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡಿರುತ್ತಾರೆ. ಅದಕ್ಕೆ ವೃತ್ತಿಪರಿಸಂಖ್ಯಾನವೆಂದು ಹೆಸರು. ಅದು ಕೂಡಿಬರದಿದ್ದರೆ ಒಂದು ಮಾತನ್ನೂ ಆಡದೆ ಹಿಂದಿರುಗಿ ಅಂದು ಉಪವಾಸವಿರುತ್ತಾರೆ. ಅಷ್ಟು ಕಠೋರವಾದ ನಿಯಂತ್ರಣದ ಯಾವ ಅಂಶವನ್ನೂ ಅವರು ಎದುರಿಗಿರುವ ಗೃಹಸ್ಥನ ಎಲೆಯ ಮೇಲೆ ಹೇರುವುದಿಲ್ಲ. ಉಪದೇಶಿಸುತ್ತಾರೆ, ಅಷ್ಟೆ.

ಹಾಗಾದರೆ ಶಾಲೆಗೆ ಯಾವ ಅಧಿಕಾರವೂ ಇಲ್ಲವೇ? ಇದೆ. ತಾನು ಕೊಡುವುದರ ಮೇಲೆ, ತನ್ನ ಬಾಗಿಲಲ್ಲಿ ಮಾರುವುದರ ಮೇಲೆ ಇದೆ. ಮುನಿಗಳನ್ನು ಆಹಾರಕ್ಕೆ ಬರಮಾಡಿಕೊಳ್ಳುವ ಶ್ರಾವಕನು ಮನ, ವಚನ, ಕಾಯಗಳ ಶುದ್ಧಿಯೊಡನೆ ಆಹಾರಜಲಗಳ ಶುದ್ಧಿಯನ್ನೂ ನಿವೇದಿಸಿಕೊಳ್ಳುತ್ತಾನೆ. ಆ ಶುದ್ಧಿಯ ಹೊಣೆ ಕೊಡುವವನದು, ಪಡೆಯುವವರದಲ್ಲ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯೊಳಗೂ ಅದರ ದ್ವಾರದಿಂದ 50 ಮೀಟರ್ ಸುತ್ತಲೂ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿದೆ. ಅದನ್ನು ಪಾಲಿಸಿದರೆ ಮಕ್ಕಳ ಸ್ವಾತಂತ್ರ್ಯಕ್ಕೆ ಧಕ್ಕೆಯೇನೂ ಆಗುವುದಿಲ್ಲ. ಬಣ್ಣದ ನೀರಿನ ಬಾಟಲಿಯನ್ನು ಮಾರುವವನ ವ್ಯಾಪಾರಕ್ಕೆ ಧಕ್ಕೆಯಾಗಬಹುದು.

ಕುಡಿಯುವ ನೀರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲಿಯೂ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ಒಳ್ಳೆಯದೇ. ಆದರೆ ಹೆಣ್ಣುಮಕ್ಕಳು ನೀರು ಕುಡಿಯದಿದ್ದುದು ಗಂಟೆ ಬಾರಿಸದುದರಿಂದಲ್ಲ ಎಂಬುದನ್ನು ನನ್ನ ಸಹೋದ್ಯೋಗಿಯಾಗಿದ್ದ ಶಿಕ್ಷಕಿಯೊಬ್ಬರು ನನಗೆ ತಿಳಿಸಿಕೊಟ್ಟರು. ಶೌಚಾಲಯಕ್ಕೆ ಬಾಗಿಲಿರಲಿಲ್ಲ, ಬಾಗಿಲಿದ್ದಲ್ಲಿ ಚಿಲಕವಿರಲಿಲ್ಲ. ಬೆಳಗ್ಗೆ ಮನೆ ಬಿಟ್ಟ ಹುಡುಗಿ ಸಂಜೆ ಮನೆ ಸೇರುವವರೆಗೆ ಬಾಯಾರಿಕೆಯನ್ನು ತಡೆದುಕೊಂಡಿರುತ್ತಿದ್ದಳು. ಯಾರೂ ಅವಳನ್ನು ಕುಡಿಯಬೇಡವೆಂದಿರಲಿಲ್ಲ. ಇದೂ ಅನ್ನಪಾನನಿರೋಧವೇ ಎಂದು ನಾನು ತಿಳಿದಿದ್ದೇನೆ.

ಇನ್ನು ಮೊಟ್ಟೆಯ ವಿಷಯ. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಮರುವರ್ಷ ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಾಗಿದೆಯೆಂದು 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮೊಟ್ಟೆಯನ್ನು, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನು ಕೊಡತೊಡಗಿದರು. ನಂತರ ಅದು ರಾಜ್ಯದ ಉಳಿದೆಡೆಗೂ ಹಬ್ಬಿತು. 2024ರಿಂದ ವಾರದ ಆರು ದಿನವೂ ಕೊಡುವಂತಾಯಿತು. ನಮ್ಮ ಸಮಾಜದಿಂದಲೂ ಹಲವು ಮಠಗಳಿಂದಲೂ ಇದಕ್ಕೆ ವಿರೋಧ ಬಂದಿತ್ತು.

ಮೊಟ್ಟೆ ಹಿಂಸೆಯಲ್ಲವೆಂದು ನಾನು ಹೇಳಲಾರೆ. ಮಾಂಸತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಮೊಟ್ಟೆಯನ್ನೂ ನಾವು ಅದರೊಳಗೇ ಎಣಿಸುತ್ತೇವೆ. ಪಕ್ಕದ ಎಲೆಯಲ್ಲಿ ಅದನ್ನು ಕಂಡು ಹೊಟ್ಟೆ ತೊಳಸಿದಂತಾಗುವ ನಮ್ಮ ಮಕ್ಕಳ ಸಂಕಟವೂ ಸುಳ್ಳಲ್ಲ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಶಿಕ್ಷಕಿಯಾಗಿರುವ ಜೈನ ಹೆಣ್ಣುಮಗಳು, "ಸರ್, ಮೊಟ್ಟೆಗಳನ್ನು ಎಣಿಸಿ ತರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದು ಕಾರಿತವಾಗುವುದಿಲ್ಲವೇ?" ಎಂದು ಕೇಳಿದಳು. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದಲೂ ಹಿಂಸೆಯ ದೋಷ ಬರುತ್ತದೆಂಬುದನ್ನು ಅವಳು ಬಲ್ಲಳು. ಆಗುತ್ತದೆ ಮಗಳೇ, ಮುಖ್ಯೋಪಾಧ್ಯಾಯರಲ್ಲಿ ವಿನಯದಿಂದ ಹೇಳಿ ಬೇರೆ ಕೆಲಸ ಕೇಳು ಎಂದೆ. ಕೇಳಿದಳು; ಅಕ್ಕಿಬೇಳೆಯ ಲೆಕ್ಕ ಇವಳಿಗೆ ಬಂತು, ಮೊಟ್ಟೆಯ ಲೆಕ್ಕ ಇನ್ನೊಬ್ಬರಿಗೆ ಹೋಯಿತು. ಅಲ್ಲಿಗೆ ಅವಳ ವ್ರತಕ್ಕೆ ಬೇಕಾದುದು ಸಿಕ್ಕಿತು. ಬೇರೆಯವರ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ತೆಗೆಸುವುದು ಅವಳ ವ್ರತಕ್ಕೆ ಬೇಕಿರಲಿಲ್ಲ.

ಇದನ್ನು ಒಪ್ಪದ ಧರ್ಮಬಂಧುಗಳಿದ್ದಾರೆ. ಅಹಿಂಸೆ ಸಾರ್ವತ್ರಿಕ ಧರ್ಮ, ಸರ್ಕಾರವೇ ಹಿಂಸೆಯನ್ನು ಹಂಚಬಹುದೇ ಎಂದು ಅವರು ಕೇಳುತ್ತಾರೆ. ಅದು ಹಗುರವಾದ ಪ್ರಶ್ನೆಯಲ್ಲ. ಮೊಟ್ಟೆಯಷ್ಟೇ ಪುಷ್ಟಿ ಕೊಡುವ ಸಸ್ಯಾಹಾರವನ್ನು ಎಲ್ಲರಿಗೂ ಕೊಡಿರೆಂದು ಅವರು ಹೇಳಿದರೆ ನಾನೂ ಅವರ ಜೊತೆಗೆ ನಿಲ್ಲುತ್ತೇನೆ. ಆದರೆ ಆ ಆಹಾರವನ್ನು ತಂದಿಟ್ಟ ಮೇಲೆ ಕೇಳಬೇಕಾದ ಮಾತು ಅದು. ಅಭಯ, ಆಹಾರ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಜೈನ ಮನೆತನವೊಂದು ನಡೆಸಿಕೊಂಡು ಬಂದಿರುವ ಧರ್ಮಸ್ಥಳದಲ್ಲಿ ಊಟಕ್ಕೆ ಕುಳಿತವನನ್ನು ನಿನ್ನೆ ಮನೆಯಲ್ಲಿ ಏನು ತಿಂದೆ ಎಂದು ಯಾರೂ ಕೇಳುವುದಿಲ್ಲ. ಬಡಿಸುವುದು ಸಾತ್ತ್ವಿಕ ಆಹಾರವನ್ನೇ, ಹೊಟ್ಟೆ ತುಂಬ. ಅದು ದಾನಿಯು ತಾನು ಕೊಡುವುದರ ಬಗ್ಗೆ ತನಗೆ ಹಾಕಿಕೊಂಡ ನಿಯಮ.

ನಮ್ಮ ಊರಿನಲ್ಲಿ ಬಸದಿಯ ಹಿರಿಯರೊಬ್ಬರು ಮೊಟ್ಟೆಯ ವಿರುದ್ಧ ಮನವಿಪತ್ರ ಬರೆಸಿ ಸಹಿ ಸಂಗ್ರಹಿಸುತ್ತಾ ನಮ್ಮ ಮನೆಗೂ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಹಲವು ವರ್ಷಗಳಿಂದ ರಾತ್ರಿಭೋಜನ ತ್ಯಾಗ ಮಾಡಿದವರು. ಅವರ ಮಾತನ್ನು ತೆಗೆದುಹಾಕುವುದು ನನಗೆ ಸುಲಭವಾಗಿರಲಿಲ್ಲ. ಕುಳ್ಳಿರಿಸಿ, ಬಾವಿಕಟ್ಟೆಯ ಹುಡುಗನ ಕಥೆಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಆಮೇಲೆ ಮನವಿಯನ್ನು ಹೀಗೆ ಬದಲಿಸೋಣವೇ ಎಂದು ಕೇಳಿದೆ: ಮೊಟ್ಟೆಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಲಿ; ಬಾಳೆಹಣ್ಣು ಕೊಳೆತದ್ದಾಗದೆ, ಎಣಿಕೆಯಲ್ಲಿ ಕಡಿಮೆಯಾಗದೆ ಬರಲಿ; ಯಾವ ಮಗುವನ್ನೂ ಏನು ತಿನ್ನುತ್ತದೆಂಬ ಕಾರಣಕ್ಕೆ ಪ್ರತ್ಯೇಕ ಸಾಲಿನಲ್ಲಿ ಕೂರಿಸದಿರಲಿ; ಸಾರಿನಲ್ಲಿ ಈರುಳ್ಳಿ ಆಲೂಗಡ್ಡೆ ಹಾಕುವ ಮುಂಚೆ ನಮ್ಮ ಮಕ್ಕಳಿಗೆ ಒಂದು ಸೌಟು ತೆಗೆದಿಡಲಿ; ಹತ್ತನೆಯ ತರಗತಿಯ ವಿಶೇಷ ಪಾಠಗಳನ್ನು ಸೂರ್ಯಾಸ್ತಕ್ಕೆ ಮೊದಲು ಮನೆ ಮುಟ್ಟಿ ಊಟ ಮಾಡುವಷ್ಟು ಬೇಗ ಮುಗಿಸಲಿ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಕನ್ನಡಕ ಹಾಕಿಕೊಂಡು ನಾನು ಬರೆದುದನ್ನು ಎರಡು ಸಲ ಓದಿದರು. "ಮೊಟ್ಟೆಯ ಶಬ್ದವೇ ನನ್ನ ಸಹಿಯ ಮೇಲೆ ಇರಬಾರದು ಮಾಸ್ತರೇ" ಎಂದು ಮೊದಲನೆಯ ಸಾಲನ್ನು ಹೊಡೆದುಹಾಕಿದರು. ಉಳಿದ ನಾಲ್ಕಕ್ಕೆ ಸಹಿ ಮಾಡಿದರು. ಮೊದಲನೆಯ ಸಾಲನ್ನು ನಾನು ಬೇರೊಂದು ಹಾಳೆಯಲ್ಲಿ ಬರೆದು, ನನ್ನೊಬ್ಬನದೇ ಸಹಿ ಹಾಕಿ, ಅದರ ಜೊತೆಗೆ ಕಳುಹಿಸಿದೆ.