ಎರಡು ಕಡಲಿಗೆ ಹರಿಯುವ ಮಳೆ, ಹಬೆಯಾಡುವ ಕಡುಬು

ಸಕಲೇಶಪುರದಿಂದ ಹೆತ್ತೂರು, ವಣಗೂರು, ಕೂಡುರಸ್ತೆ ದಾಟಿ ಬಿಸ್ಲೆಗೆ ಇನ್ನೇನು ತಲುಪಿದೆವು ಎನ್ನುವಾಗ ಮಂಕನಹಳ್ಳಿ ಹತ್ತಿರ ರಸ್ತೆ ಬದಿಯಲ್ಲೊಂದು ಕಲ್ಲು ಸಿಗುತ್ತದೆ. ಇಂಗ್ಲಿಷಿನಲ್ಲಿ ‘ರಿಡ್ಜ್’ ಎಂದು ಬರೆದು, ಒಂದು ಕಡೆಗೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆಗೆ ಅರಬ್ಬಿ ಸಮುದ್ರ ಎಂದು ದಿಕ್ಕು ತೋರಿಸಿದ್ದಾರೆ. ಬ್ರಿಟಿಷರ ಕಾಲದ್ದು. ಮಳೆಗಾಲದಲ್ಲಿ ಕಾರಿನ ಗಾಜು ಮಬ್ಬಾಗಿದ್ದರೆ ಕಣ್ಣಿಗೆ ಬೀಳದೆ ಹಿಂದೆ ಸರಿದುಹೋಗುವುದೇ ಹೆಚ್ಚು. ಬಿಸ್ಲೆ ವ್ಯೂ ಪಾಯಿಂಟಿಗೆಂದು ಹೊರಟ ಬಹುತೇಕ ಮಂದಿ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ನನ್ನ ಮಟ್ಟಿಗಂತೂ ಈ ಸೀಮೆಯಲ್ಲಿ ಮಕ್ಕಳಿಗೆ ತೋರಿಸಬೇಕಾದ ಮೊದಲನೆಯ ಜಾಗ ಇದೇ.

ತಂಗಿಯ ಮಗಳು ಕಲ್ಲನ್ನು ಓದಿ, ಮತ್ತೊಮ್ಮೆ ಓದಿ, ‘ಮಾವ, ಅಂದ್ರೆ ಇಲ್ಲಿ ನಿಂತು ಉಗುಳಿದ್ರೆ?’ ಎಂದು ಕೇಳಿದಳು. ಅವಳಮ್ಮ ಗದರಿದಳು. ಹುಡುಗಿ ಬಾಟಲಿಯ ನೀರನ್ನು ರಸ್ತೆಯ ಏರಿನ ಮೇಲೆ ಸುರಿದಳು. ಸ್ವಲ್ಪ ಆ ಕಡೆಯ ಚರಂಡಿಗೆ, ಸ್ವಲ್ಪ ಈ ಕಡೆಯದಕ್ಕೆ ಹರಿಯಿತು. ನಾವು ದೊಡ್ಡವರೂ ಛತ್ರಿ ಮಡಚಿ ಬಗ್ಗಿ ನೋಡುತ್ತ ನಿಂತುಬಿಟ್ಟೆವು.

ಪೂರ್ವಕ್ಕೆ ಇಳಿದ ನೀರು ಹಳ್ಳ ತೊರೆಗಳನ್ನು ಹಿಡಿದು ಹೇಮಾವತಿ ಸೇರುತ್ತದೆ. ಗೊರೂರು ಅಣೆಕಟ್ಟಿನಲ್ಲಿ ನಿಂತು, ಮುಂದೆ ಕೃಷ್ಣರಾಜಸಾಗರದ ಹಿನ್ನೀರಲ್ಲಿ ಕಾವೇರಿಯಾಗುತ್ತದೆ. ಮಂಡ್ಯದ ಕಬ್ಬು, ಬೆಂಗಳೂರಿನ ನಲ್ಲಿ, ಮೆಟ್ಟೂರು, ತಂಜಾವೂರಿನ ಭತ್ತ, ಇಷ್ಟನ್ನೂ ಮುಗಿಸಿ ಉಳಿದದ್ದು ಪೂಂಪುಹಾರಿನಲ್ಲಿ ಕಡಲಿಗೆ. ಪಶ್ಚಿಮಕ್ಕೆ ಇಳಿದದ್ದಕ್ಕೆ ಇಷ್ಟು ಉದ್ದದ ಪ್ರಯಾಣವಿಲ್ಲ. ಕಾಡೊಳಗೆ ಧುಮುಕಿ ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಸಮುದ್ರ ಕಾಣುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಿಗೆ ಒಂದು ಗೇಣಿನ ಅಂತರದಲ್ಲಿ ಬೇರೆ ಬೇರೆ ಹಣೆಬರಹ. ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಓದಿ ಪರೀಕ್ಷೆ ಬರೆದಿದ್ದರೂ, ಅದು ಕಾಲಿನ ಕೆಳಗಿದೆ ಎಂದು ಗೊತ್ತಾದಾಗ ಮೈ ಜುಮ್ಮೆನ್ನುತ್ತದೆ.

ಆಮೇಲೆ ನಾನು ಎಲ್ಲಿ ಹೋದರೂ ಅದನ್ನೇ ಹುಡುಕತೊಡಗಿದೆ. ಈ ಏಣು ಮಂಕನಹಳ್ಳಿಯಲ್ಲಿ ಮಾತ್ರ ಇಲ್ಲ. ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಅಂಚಿನುದ್ದಕ್ಕೂ ಬೆಟ್ಟಗಳ ನೆತ್ತಿಯ ಮೇಲೆ ಸಾಗುತ್ತದೆ. ಸಕಲೇಶಪುರ ಪೇಟೆಯ ಸೇತುವೆ ಕೆಳಗೆ ಹರಿಯುವ ಹೇಮಾವತಿ ಪೂರ್ವದ ಪಾಲು. ಅಲ್ಲಿಂದ ಮಂಗಳೂರು ಹೆದ್ದಾರಿಯಲ್ಲಿ ದೋಣಿಗಾಲ್ ದಾಟಿ ಶಿರಾಡಿ ಇಳಿಯತೊಡಗಿದರೆ ರಸ್ತೆ ಪಕ್ಕ ಜೊತೆಯಾಗುವ ಕೆಂಪುಹೊಳೆ ಪಶ್ಚಿಮದ ಪಾಲು. ಅರ್ಧ ಗಂಟೆಯ ದಾರಿಯಲ್ಲಿ ಸಮುದ್ರ ಬದಲಾಗಿರುತ್ತದೆ, ಕಾರಿನಲ್ಲಿರುವ ಯಾರಿಗೂ ಗೊತ್ತಾಗಿರುವುದಿಲ್ಲ.

ಎತ್ತಿನಹೊಳೆ ಯೋಜನೆಯ ವಿಷಯ ಇಲ್ಲಿ ಬಾರದೆ ಇರದು. ಪಶ್ಚಿಮಕ್ಕೆ ಹರಿಯಬೇಕಾದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಡ್ಡಗಟ್ಟೆ ಕಟ್ಟಿ, ಪಂಪುಗಳಿಂದ ಮೇಲೆತ್ತಿ ಈ ಏಣನ್ನು ದಾಟಿಸಿ ಪೂರ್ವಕ್ಕೆ ಹರಿಸುವುದೇ ಆ ಯೋಜನೆ. ಮಳೆಗಾಲದ 24.01 ಟಿಎಂಸಿ ಅಡಿ ನೀರು ಎಂಬುದು ಕಾಗದದ ಮೇಲಿನ ಲೆಕ್ಕ. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 23,251 ಕೋಟಿ ದಾಟಿತು. 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ದೊಡ್ಡನಗರದಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಈ ನೀರು ತಲುಪಬೇಕಾದ ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಆದರೆ ಬೆಟ್ಟದ ನೆತ್ತಿ ಒಮ್ಮೆ ತೀರ್ಪು ಕೊಟ್ಟ ನೀರನ್ನು ವಾಪಸ್ ಎಳೆದು ತರುವಾಗ ಅಗೆದ ಗುಡ್ಡ, ಮಣ್ಣು ತುಂಬಿಕೊಂಡ ಹಳ್ಳ ನೋಡಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕಲ್ಲಿನ ಎದುರು ನಿಂತು ಬಂದವರಿಗೆ ಈ ಸುದ್ದಿ ಪೇಪರಿನಲ್ಲಿ ಬಂದಾಗ ಬೇರೆಯದೇ ಆಗಿ ಕಾಣುತ್ತದೆ.

ಮಳೆಯಲ್ಲಿ ನೆನೆದ ಮಕ್ಕಳಿಗೆ ಮೊದಲು ಬೇಕಾದದ್ದು ಊಟ. ಹೆತ್ತೂರು ಕಡೆಯ ತೋಟದ ಮನೆಯೊಂದರಲ್ಲಿ ಇಳಿದುಕೊಂಡಿದ್ದೆವು. ಮನೆಯ ಯಜಮಾನಿ, ನಾವೆಲ್ಲ ಅಕ್ಕ ಎಂದೇ ಕರೆದೆವು, ಒಲೆಯ ಮುಂದೆ ಕಡುಬು ಕಟ್ಟುತ್ತಿದ್ದರು. ಅಕ್ಕಿ ತರಿಯನ್ನು ಕುದಿನೀರಿಗೆ ಸುರಿದು, ಉಪ್ಪು ಹಾಕಿ, ಗಂಟಾಗದಂತೆ ತಿರುವಿ ಮುಚ್ಚಿಟ್ಟಿದ್ದ ಹಿಟ್ಟು ಕೈ ಸುಡುವಷ್ಟು ಬಿಸಿ. ತಣ್ಣೀರಿಗೆ ಅಂಗೈ ಅದ್ದಿ, ಹಿಡಿ ಹಿಟ್ಟು ತೆಗೆದು, ಮೂರು ಸುತ್ತಿಗೆ ಉಂಡೆ. ಮತ್ತೆ ಕೈ ನೀರಿಗೆ. ‘ಆರಿದ ಮೇಲೆ ಕಟ್ಟಿದ್ರೆ ಬಿರುಕು ಬಿಡ್ತದೆ, ಹಬೇಲಿ ಒಡೀತದೆ’ ಎಂದು ನಮ್ಮ ಕಡೆ ನೋಡದೆಯೇ ಹೇಳಿದರು. ಪಾತ್ರೆಯ ಮುಚ್ಚಳ ತೆಗೆದಾಗ ಅಡುಗೆಮನೆಯೆಲ್ಲ ಬೆಂದ ಅಕ್ಕಿಯ ವಾಸನೆ. ಕಡುಬನ್ನು ಬೆರಳಿನಿಂದ ಮುರಿದು, ಕಾಳುಮೆಣಸು ಮುಂದಾಗಿದ್ದ ಕೋಳಿ ಸಾರಿಗೆ ಅದ್ದಿ ತಿಂದೆವು. ಮನೆಯಲ್ಲಿ ಇಡ್ಲಿಗೇ ಮುಖ ಸಿಂಡರಿಸುವ ನಮ್ಮ ಹುಡುಗಿ ನಾಲ್ಕನೆಯದಕ್ಕೆ ಕೈ ಚಾಚಿದಳು.

ಬೆಳಿಗ್ಗೆ ಉಳಿದ ಕಡುಬನ್ನು ಪುಡಿಮಾಡಿ ಒಗ್ಗರಣೆ ಹಾಕಿ ಕೊಟ್ಟರು. ರಾತ್ರಿಯದಕ್ಕಿಂತ ಅದೇ ರುಚಿ ಎಂದು ನನ್ನ ಹೆಂಡತಿಯ ವಾದ.

ಈ ಬೆಟ್ಟಗಳ ಅಡುಗೆಯೆಂದರೆ ಮಳೆಯ ಅಡುಗೆ. ಆಷಾಢ ಶ್ರಾವಣದಲ್ಲಿ ಬಿದಿರು ಮೆಳೆಯಿಂದ ಕಳಲೆ ಏಳುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸದೆ ಒಲೆಗೆ ಇಡುವಂತಿಲ್ಲ, ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹಾಗಾಗಿ ‘ಈಗ ಆರ್ಡರ್ ಮಾಡಿ ಈಗ ತಿನ್ನುವ’ ಊಟ ಇದಲ್ಲ, ಉಳಿದುಕೊಳ್ಳುವ ಮನೆಗೆ ಮುಂಚೆಯೇ ಫೋನ್ ಮಾಡಿ ಹೇಳಿರಬೇಕು. ಕೆಸುವಿನ ಎಲೆಗೆ ಹುಳಿ ಬೆರೆತ ಅಕ್ಕಿ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯೂ ಹಾಗೆಯೇ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ನಾಟಿ ಸಮಯದಲ್ಲಿ ಗದ್ದೆ ಬದುವಿನ ಏಡಿ ಹಿಡಿದು ಮಾಡುವ ಸಾರನ್ನು ಚಿಪ್ಪು ಕಚ್ಚಿ, ಸದ್ದು ಮಾಡಿಕೊಂಡು, ಮರ್ಯಾದೆ ಬಿಟ್ಟು ತಿನ್ನಬೇಕು. ಹಂದಿ ಸಾರು ಅಕ್ಕಿ ರೊಟ್ಟಿ ಬೇಕೆನ್ನುವವರಿಗೆ ಸಕಲೇಶಪುರದ ಸುತ್ತಮುತ್ತ ಕೊರತೆಯಿಲ್ಲ.

ನೀರು ಬದಲಾದಂತೆ ತಟ್ಟೆಯೂ ಬದಲಾಗುತ್ತದೆ ಎಂಬುದು ಈ ಓಡಾಟದಲ್ಲಿ ನನಗೆ ಸಿಕ್ಕ ಖುಷಿ. ಹಾಸನ ಬಿಟ್ಟು ಆಲೂರು ಕಡೆಗೆ ಬರುವಾಗ ಊಟವೆಂದರೆ ಇನ್ನೂ ಮುದ್ದೆ, ಸೊಪ್ಪಿನ ಸಾರು. ಪಾಳ್ಯ ದಾಟಿ ಬಾಳ್ಳುಪೇಟೆ ಹತ್ತಿರವಾದಂತೆ ರಸ್ತೆ ಬದಿಯ ಹೋಟೆಲುಗಳಲ್ಲಿ ಅಕ್ಕಿ ರೊಟ್ಟಿಯ ಹೆಸರು ಕಾಣಿಸಿಕೊಳ್ಳುತ್ತದೆ. ಇದು ಬಯಲುಸೀಮೆಯ ಈರುಳ್ಳಿ, ಮೆಣಸಿನಕಾಯಿ ಸೇರಿಸಿ ತಟ್ಟುವ ರೊಟ್ಟಿಯಲ್ಲ. ಅನ್ನ ಬೆರೆಸಿ ನಾದಿದ ಹಿಟ್ಟನ್ನು ತೆಳ್ಳಗೆ ತಟ್ಟಿ, ಕಾವಲಿಯಲ್ಲಿ ಅರೆಬೇಯಿಸಿ, ಕೆಂಡದ ಮೇಲೆ ಉಬ್ಬಿಸಿದ್ದು. ಜೊತೆಗೆ ಹುಚ್ಚೆಳ್ಳು ಚಟ್ನಿಯಿದ್ದರೆ ಅಲ್ಲಿಯೇ ಇಳಿಯಿರಿ. ಮುಂದೆ ಶಿರಾಡಿ ಇಳಿದು ಗುಂಡ್ಯ ತಲುಪಿದರೆ ನೀರುದೋಸೆ, ಕುಚ್ಚಲಕ್ಕಿ, ತೆಂಗಿನಕಾಯಿ ಅರೆದು ಹಾಕಿದ ಮೀನು ಸಾರು. ಹೆದ್ದಾರಿಯ ದೊಡ್ಡ ಹೋಟೆಲುಗಳು ಗೋಬಿ ಮಂಚೂರಿ ಹಿಡಿದು ಈ ಗೆರೆಯನ್ನು ಅಳಿಸುತ್ತಿವೆ ಎಂಬುದು ನನ್ನ ಅಸಮಾಧಾನ. ತೋಟದವರೇ ನಡೆಸುವ ಸಣ್ಣ ಊಟದ ಮನೆಗಳನ್ನು ಹುಡುಕಿ ಹೋಗುವುದು ಅದಕ್ಕೇ ಒಳ್ಳೆಯದು.

ಕಾಫಿಯ ಬಗ್ಗೆಯೂ ಒಂದು ಮಾತು. ಎಲಿಯಟ್ ಎಂಬ ಸ್ಕಾಟ್ಲೆಂಡಿನ ಪ್ಲಾಂಟರ್ 1894ರಲ್ಲಿ, ಮಂಜರಾಬಾದ್ ಎನ್ನುತ್ತಿದ್ದ ಈ ಸೀಮೆಯ ಕಾಫಿ ತೋಟದ ಬದುಕಿನ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದ. ಅವನ ಕಾಲದಿಂದ ಈವರೆಗೆ ಇಲ್ಲಿನ ಒಳ್ಳೆಯ ಬೀಜ ಹಡಗು ಹತ್ತುವುದೇ ಹೆಚ್ಚು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕುಡಿಯುವ ಬೆಲ್ಲದ ಕರಿ ಕಾಫಿಯನ್ನು ಮಾತ್ರ ಯಾವ ಹಡಗೂ ಒಯ್ದಿಲ್ಲ. ಅದನ್ನು ಕೇಳಿ ಕುಡಿಯಿರಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರ ಕಳೆದ ಮೇಲೆ ಹೋದರೆ ತೋಟಕ್ಕೆ ತೋಟವೇ ಬಿಳಿಯಾಗಿ ಮಲ್ಲಿಗೆಯಂಥ ಪರಿಮಳ. ಎರಡು ಮೂರು ದಿನಗಳಷ್ಟೇ, ಆಮೇಲೆ ಹೂವು ಕಂದು. ಚಹಾ ಇಷ್ಟಪಡುವವರಿಗೆ ಕಾಡುಮನೆಯ ಎಸ್ಟೇಟಿದೆ. ಹಾಸನ ಜಿಲ್ಲೆಯಲ್ಲಿ ಚಹಾ ಬೆಳೆಯುತ್ತದೆಂದರೆ ಹಾಸನದವರೇ ಕೆಲವರು ನಂಬುವುದಿಲ್ಲ.

ಮಂಜರಾಬಾದ್ ಕೋಟೆ ಎಲ್ಲರಿಗೂ ಗೊತ್ತಿರುವಂಥದ್ದು. ಮಂಗಳೂರು ದಾರಿಯನ್ನು ಕಾಯಲು ಟಿಪ್ಪು ಕಟ್ಟಿಸಿ 1792ರಲ್ಲಿ ಮುಗಿಸಿದ್ದು, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರ, ಫ್ರೆಂಚ್ ಮಾದರಿಯ ಎಂಟು ಮೂಲೆಗಳ ನಕ್ಷತ್ರ. ಮೂಲೆಗಳು ಚಾಚಿಕೊಂಡಿರುವುದು ಚೆಂದಕ್ಕಲ್ಲ. ಗೋಡೆಯ ಬುಡಕ್ಕೆ ಬಂದ ಶತ್ರುವನ್ನು ಪಕ್ಕದ ಮೂಲೆಯಿಂದ ಹೊಡೆಯಬಹುದು, ಅವನಿಗೆ ಅವಿತುಕೊಳ್ಳಲು ಜಾಗವೇ ಸಿಗದು. ನಕ್ಷತ್ರ ಕಾಣಬೇಕಾದರೆ ಆಕಾಶದಿಂದ ನೋಡಬೇಕು, ಒಳಗೆ ನಿಂತವರಿಗೆ ಕಾಣುವುದು ಬರೀ ತಿರುವುಗಳು. ಮಕ್ಕಳಿಗೆ ಕಾಗದ ಪೆನ್ಸಿಲ್ ಕೊಟ್ಟು ಗೋಡೆಗುಂಟ ನಡೆಯುತ್ತ ಮೂಲೆಗಳನ್ನು ಗುರುತು ಹಾಕಲು ಹೇಳಿ, ನಕ್ಷತ್ರ ತಾನಾಗಿ ಮೂಡುತ್ತದೆ. ನಡುವಿನ ಶಿಲುಬೆಯಾಕಾರದ ಕೊಳದ ಹತ್ತಿರ ಮಾತ್ರ ಕೈ ಬಿಡಬೇಡಿ, ಪಾಚಿ ಜಾರುತ್ತದೆ.

ರೈಲಿನದು ಇನ್ನೊಂದು ಸುಖ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಹಗಲಿನ ರೈಲಿಗೆ 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯಿದೆ. ಸುರಂಗ ಬಂದಾಗೆಲ್ಲ ಕೂಗುವುದು ಮಕ್ಕಳ ಹಕ್ಕು, ತಡೆಯಬೇಡಿ. ಹಳಿಯ ಮೇಲೆ ಚಾರಣ ಹೋಗುವುದನ್ನು ನಿಷೇಧಿಸಿರುವುದು ಸರಿಯೇ. 2024ರ ಜುಲೈನಲ್ಲಿ ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಬುಡವೇ ಕುಸಿದದ್ದನ್ನು ನೆನೆದರೆ ಸಾಕು. ಗುಡ್ಡದ ಹುಲ್ಲನ್ನು ಚಕ್ರದಿಂದ ಕಿತ್ತು ಹಾಕುವ ಜೀಪ್ ಸವಾರಿಗಳಿಗೂ ಅಂಥ ಕಡಿವಾಣ ಬೇಕು. ಪಟ್ಲಬೆಟ್ಟದಂಥ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದ ಮಗು ರಾತ್ರಿ ಚೆನ್ನಾಗಿ ಉಣ್ಣುತ್ತದೆ, ಚೆನ್ನಾಗಿ ಮಲಗುತ್ತದೆ. ಮೂಕನಮನೆ ಅಬ್ಬಿಗೆ ಮಳೆ ಜೋರಿದ್ದಾಗ ದೂರದಿಂದಲೇ ಕೈ ಮುಗಿಯಿರಿ.

ಆಲೂರು, ಸಕಲೇಶಪುರದ ತೋಟಗಳೆಂದರೆ ಆನೆಗಳ ಓಡಾಟದ ಜಾಗವೂ ಹೌದು. ಸಂಜೆಯಾದ ಮೇಲೆ ತೋಟದ ರಸ್ತೆಗಳಲ್ಲಿ ಸುತ್ತುವುದು ಬೇಡ. ಕೂಲಿಗೆ ಹೊರಡುವ ಹೆಂಗಸರು ‘ಇವತ್ತು ಯಾವ ಕಡೆ ಇದಾವಂತೆ?’ ಎಂದು ಮೊಬೈಲಿನ ಸಂದೇಶ ನೋಡಿಕೊಂಡೇ ಕಾಲಿಡುವ ಊರುಗಳಿವು. ಎಂಟು ಬಾರಿ ಮೈಸೂರು ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇಲ್ಲೇ, ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆ ಹಿಡಿಯಲು ಬಂದು ಅದರೊಂದಿಗೆ ಕಾದಾಡುವಾಗ. ಅಲ್ಲೇ ಮಣ್ಣು ಮಾಡಿದರು. ಮೈಸೂರಿನಲ್ಲಿ ಅವನನ್ನು ಕಂಡಿದ್ದ ಮಕ್ಕಳಿಗೆ ಆ ಕಥೆ ಪೂರ್ತಿ ಹೇಳಿ. ಅಂಬಾರಿ ಇಳಿಸಿದ ಮೇಲೆ ಮುದಿ ಆನೆಗೆ ವಿಶ್ರಾಂತಿ ಕೊಡಬೇಕಿತ್ತೇ ಎಂದು ಅವರು ಕೇಳಿದರೆ, ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ.

ಹೊರಡುವವರಿಗೆ ದಾರಿಯ ಮಾತು: ಬಿಸ್ಲೆ ರಸ್ತೆ ಕಿರಿದು, ಮಳೆ ಹೆಚ್ಚಾದರೆ ಮರ ಬಿದ್ದು ಮುಚ್ಚುತ್ತದೆ, ವಣಗೂರಿನಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಅಲ್ಲಿಂದ ಮುಂದೆ ಊಟಕ್ಕೆ ಹೋಟೆಲು ನೆಚ್ಚಿಕೊಳ್ಳಬೇಡಿ, ಬುತ್ತಿ ಕಟ್ಟಿಸಿಕೊಳ್ಳಿ. ಮಂಜು ಕವಿದಿದ್ದರೆ ವ್ಯೂ ಪಾಯಿಂಟಿನಲ್ಲಿ ಕುಮಾರಪರ್ವತದ ಸಾಲು ಕಾಣದೆ ಹೋಗಬಹುದು, ಬೇಸರ ಬೇಡ. ಜಿಗಣೆಗೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ವಾಪಸ್ ಬರುವಾಗ ಸಮಯವಿದ್ದರೆ ಆಲೂರು ತಾಲ್ಲೂಕಿನ ಹರಿಹಳ್ಳಿಯಲ್ಲಿ ಹೇಮಾವತಿ ದಡದ ಕೆಂಚಾಂಬ ದೇವಸ್ಥಾನಕ್ಕೆ ಹೋಗಿ. ಮತ್ತೆ, ಮನೆಗೆ ಕಾಳುಮೆಣಸು ಕೊಳ್ಳುವುದಿದ್ದರೆ ಹೆದ್ದಾರಿಯ ಅಂಗಡಿಗಿಂತ ಉಳಿದುಕೊಂಡ ಮನೆಯ ಅಕ್ಕನನ್ನೇ ಕೇಳಿ. ಕಣದಲ್ಲಿ ಒಣಗಿಸಿದ್ದನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ.