ತೇವ ತಾಕಿದರೆ ಸಾಕು

ಮೈದಾ ಹಿಟ್ಟಿನ ಅಂಟಾಗಲಿ, ಬಡಗಿಯ ಬಿಳಿ ಅಂಟಾಗಲಿ, ಹಚ್ಚಿದ ಮೇಲೆ ಒಣಗಲು ಬಿಡಬೇಕು. ಅದರೊಳಗಿನ ನೀರು ಆರಿದಂತೆಲ್ಲ ಹಿಡಿತ ಬಿಗಿಯಾಗುತ್ತದೆ. ಅಂಗಡಿಯ ಗಲ್ಲಾದ ಪಕ್ಕ ನೇತಾಡುವ ಫೆವಿಕ್ವಿಕ್‌ನಂಥ ದಿಢೀರ್ ಅಂಟಿನ ಕಥೆ ಇದಕ್ಕೆ ತದ್ವಿರುದ್ಧ. ಅದು ಗಟ್ಟಿಯಾಗುವುದು ಒಣಗಿದ್ದರಿಂದಲ್ಲ, ತೇವ ಸೋಕಿದ್ದರಿಂದ.

ಈ ಅಂಟಿನ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಟ್ಯೂಬಿನೊಳಗೆ ಅದು ಬಿಡಿಬಿಡಿಯಾದ ಸಣ್ಣ ಅಣುಗಳ ತೆಳು ದ್ರವ. ಪ್ರತಿ ಅಣುವಿನಲ್ಲೂ ಎರಡು ಇಂಗಾಲ ಪರಮಾಣುಗಳ ನಡುವೆ ಒಂದು ಜೋಡಿ ಬಂಧವಿದೆ. ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವ ಎರಡು ರಾಸಾಯನಿಕ ಗುಂಪುಗಳು ಅದರ ಮಗ್ಗುಲಲ್ಲೇ ಕೂತಿವೆ. ಹಾಗಾಗಿ ಆ ಬಂಧಕ್ಕೆ ಸದಾ ಎಲೆಕ್ಟ್ರಾನಿನ ಹಸಿವು. ನೀರಿನಂಥ ಸೌಮ್ಯ ವಸ್ತು ತಾಕಿದರೂ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿಕೊಂಡ ಅಣು ಪಕ್ಕದ್ದನ್ನು ಹಿಡಿಯುತ್ತದೆ, ಅದು ಇನ್ನೊಂದನ್ನು. ಕೆಲವೇ ಕ್ಷಣಗಳಲ್ಲಿ ಉದ್ದುದ್ದ ಸರಪಳಿಗಳು ಬೆಳೆದು ದ್ರವ ಪ್ಲಾಸ್ಟಿಕ್ ಆಗುತ್ತದೆ. ಇದಕ್ಕೆ ಯಾರೂ ನೀರು ಚಿಮುಕಿಸಬೇಕಿಲ್ಲ. ಒಣಗಿದಂತೆ ಕಾಣುವ ಗಾಜು, ಲೋಹ, ಪಿಂಗಾಣಿಯ ಮೇಲೂ ಗಾಳಿಯ ತೇವ ಕಣ್ಣಿಗೆ ಕಾಣದ ಪದರವಾಗಿ ಕೂತಿರುತ್ತದೆ.

ಈ ಅಂಟನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. 1942ರಲ್ಲಿ, ಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಸಾಧನಕ್ಕೆ ಒಗ್ಗುವ ಪಾರದರ್ಶಕ ಪ್ಲಾಸ್ಟಿಕ್ ಅರಸುತ್ತಿದ್ದರು. ಸಯನೋಅಕ್ರಿಲೇಟ್ ಮುಟ್ಟಿದ್ದಕ್ಕೆಲ್ಲ ಅಂಟಿ ಕಾಟ ಕೊಟ್ಟಿತು, ಅದನ್ನು ಬದಿಗಿಟ್ಟರು. 1951ರಲ್ಲಿ ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ನಲ್ಲಿ ಅವರ ತಂಡ ಜೆಟ್ ವಿಮಾನದ ಗಾಜುಮುಚ್ಚಿಗೆಗಾಗಿ ಶಾಖ ತಡೆಯುವ ಪ್ಲಾಸ್ಟಿಕ್ ಹುಡುಕುತ್ತಿತ್ತು. ಸಹೋದ್ಯೋಗಿ ಫ್ರೆಡ್ ಜಾಯ್ನರ್, ಬೆಳಕು ಎಷ್ಟು ಬಾಗುತ್ತದೆಂದು ಅಳೆಯಲು ಅದೇ ವಸ್ತುವನ್ನು ಉಪಕರಣದ ಎರಡು ಪಟ್ಟಕಗಳ ನಡುವೆ ಸವರಿದರು. ದುಬಾರಿ ಪಟ್ಟಕಗಳು ಮತ್ತೆ ಬಿಡಿಸಿಕೊಳ್ಳಲೇ ಇಲ್ಲ. ಒಂಬತ್ತು ವರ್ಷ ಹಿಂದೆ ದೋಷವೆಂದು ತಳ್ಳಿದ್ದೇ ಈ ವಸ್ತುವಿನ ಗುಣ ಎಂಬುದು ಕೂವರ್‌ಗೆ ಆಗ ಹೊಳೆಯಿತು. 1958ರಲ್ಲಿ ಅದು ‘ಈಸ್ಟ್‌ಮನ್ 910’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು.

ತೇವದ ಈ ಸೂತ್ರ ಗೊತ್ತಿದ್ದರೆ ಅಂಟಿನ ಉಳಿದ ವರ್ತನೆಗಳೂ ಅರ್ಥವಾಗುತ್ತವೆ. ಬೆವರಿನ ಪಸೆ ಇರುವ ಬೆರಳುಗಳು ಥಟ್ಟನೆ ಅಂಟಿಕೊಳ್ಳುತ್ತವೆ. ತೆಳುವಾಗಿ ಸವರಿದ್ದು ಬೇಗ ಹಿಡಿಯುತ್ತದೆ; ದಪ್ಪಗೆ ಸುರಿದರೆ ಒಳಗಿನವರೆಗೆ ತೇವ ಮುಟ್ಟದೆ ನಡುವೆ ಹಸಿಯಾಗಿಯೇ ಉಳಿಯುತ್ತದೆ. ಟ್ಯೂಬಿನೊಳಗೇ ಗಟ್ಟಿಯಾಗದಂತೆ ತಯಾರಕರು ಚೂರು ಆಮ್ಲೀಯ ವಸ್ತು ಬೆರೆಸಿ, ಶುರುವಾಗಹೊರಟ ಸರಪಳಿಯನ್ನು ಅಲ್ಲೇ ತಡೆಯುತ್ತಾರೆ. ಫ್ರಿಜ್ಜಿನಲ್ಲಿಟ್ಟ ಟ್ಯೂಬನ್ನು ತಂಪು ಹೋಗುವ ಮೊದಲೇ ತೆರೆದರೆ ಗಾಳಿಯ ನೀರಾವಿ ಒಳಗೆ ಹನಿಗಟ್ಟಿ ಅಂಟು ಕೆಡಬಹುದು.

ಇದೇ ಗುಣ ಅದನ್ನು ಆಸ್ಪತ್ರೆಗೂ ಒಯ್ದಿತು. ಮೈಯೆಂದರೆ ತೇವದ ಆಗರ ತಾನೆ? ವಿಯೆಟ್ನಾಂ ಯುದ್ಧದಲ್ಲಿ ಗಾಯಾಳು ಸೈನಿಕರು ಶಸ್ತ್ರಚಿಕಿತ್ಸೆಗೆ ತಲುಪುವವರೆಗೆ ರಕ್ತ ನಿಲ್ಲಿಸಲು ಗಾಯದ ಮೇಲೆ ಇದನ್ನು ಸಿಂಪಡಿಸಿದರು. ಆದರೆ ಅಂಗಡಿಯ ಅಂಟು ಗಾಯಕ್ಕೆ ಸಲ್ಲದು. ಅದರ ಅಣುವಿಗೆ ಅಂಟಿಕೊಂಡ ಇಂಗಾಲದ ಬಾಲ ಗಿಡ್ಡ. ದೇಹದಲ್ಲಿ ಬೇಗ ಒಡೆದು ಅಂಗಾಂಶವನ್ನು ಕೆರಳಿಸುತ್ತದೆ. ಎಂಟು ಇಂಗಾಲದ ಬಾಲವಿರುವ, ನಿಧಾನವಾಗಿ ಒಡೆಯುವ ಬಗೆಗೆ ಅಮೆರಿಕದ ಔಷಧ ನಿಯಂತ್ರಕರು 1998ರಲ್ಲಿ ಒಪ್ಪಿಗೆ ಕೊಟ್ಟರು. ಹೊಲಿಗೆಯಿಲ್ಲದೆ ಚರ್ಮ ಕೂಡಿಸಲು ಈಗ ಅದನ್ನು ಬಳಸುತ್ತಾರೆ. ನಾಲ್ಕು ಇಂಗಾಲದ ಇನ್ನೊಂದು ಬಗೆಯನ್ನು ಜಠರದಲ್ಲಿ ಉಬ್ಬಿ ಸೋರುವ ರಕ್ತನಾಳಕ್ಕೆ ಚುಚ್ಚುತ್ತಾರೆ. ರಕ್ತ ತಾಕಿದೊಡನೆ ಅದು ಗಟ್ಟಿಯಾಗಿ ನಾಳವನ್ನು ಮುಚ್ಚುತ್ತದೆ.

1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸರಿಗೆ ಇನ್ನೊಂದು ಉಪಯೋಗ ಸಿಕ್ಕಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟನ್ನು ಕಾಯಿಸಿದರೆ ಏಳುವ ಆವಿ, ವಸ್ತುವಿನ ಮೇಲೆ ಬೆರಳು ಬಿಟ್ಟ ಬೆವರಿನ ಗೆರೆಗಳನ್ನೇ ಹುಡುಕಿ ಕೂತು ಬೆಳ್ಳಗಾಗುತ್ತದೆ. ಕಾಣದಿದ್ದ ಬೆರಳಚ್ಚು ಕಾಣುತ್ತದೆ.

ಇನ್ನು ಬಳಸುವವರಿಗೆ ಎರಡು ಮಾತು. ಬೆರಳು ಅಂಟಿದರೆ ಕಿತ್ತೆಳೆಯಬೇಡಿ; ಬೆಚ್ಚನೆಯ ಸೋಪಿನ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿಯಲ್ಲಿ ಕ್ರಿಯೆ ರಭಸಗೊಂಡು ಚರ್ಮ ಸುಡುವಷ್ಟು ಬಿಸಿ ಹುಟ್ಟುತ್ತದೆ. ಅಂಟಿದ ಕಪ್ಪಿನ ಹಿಡಿಯನ್ನೂ ಬಹಳ ನಂಬುವಂತಿಲ್ಲ. ನೇರ ಎಳೆತಕ್ಕೆ ಜಗ್ಗದ ಈ ಪ್ಲಾಸ್ಟಿಕ್ ಹೊಡೆತಕ್ಕೆ, ಅಂಚಿನಿಂದ ಸುಲಿಯುವುದಕ್ಕೆ, ಕುದಿಬಿಸಿಗೆ ಸೋಲುತ್ತದೆ. ದಿನವೂ ಬಿಸಿನೀರಲ್ಲಿ ತೊಳೆದರೆ ಹಿಡಿತ ಸಡಿಲುತ್ತದೆ. ಅಂಟಲು ತೇವದ ಸೋಂಕು ಬೇಕು, ಬಾಳಲು ನೀರಿನಿಂದ ದೂರ ಇರಬೇಕು.