ಬಲ ಎದೆಯ ನೀಲಿ ಪಟ್ಟಿ

ನಮ್ಮ ಅಬ್ಬಾ ಲಾರಿ ಮೆಕ್ಯಾನಿಕ್. ಒಂದು ರಾತ್ರಿ ಊಟವಾದ ಮೇಲೆ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಸಾಕ್ಷ್ಯಚಿತ್ರವೊಂದನ್ನು ಮೊಬೈಲಿನಲ್ಲಿ ನೋಡುತ್ತಿದ್ದೆವು. ಕೊನೆಗೆ ಪೈಲಟ್‌ಗಳಿಗೆ ಪದಕ ತೊಡಿಸುವ ದೃಶ್ಯ ಬಂತು. ಅಬ್ಬಾ ಕೇಳಿದ್ದು ಒಂದೇ ಮಾತು: "ಹಾರಿಸಿದವರಿಗೆ ಕೊಟ್ಟರು, ಸರಿ. ಇಂಜಿನ್ ಬಿಚ್ಚಿ ಕಟ್ಟಿದವನಿಗೆ?" ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೈನ್ಯದಲ್ಲಿ ಗೌರವ ಎರಡು ಬಗೆ. ಒಂದು ವ್ಯಕ್ತಿಗೆ, ಇನ್ನೊಂದು ಇಡೀ ದಳಕ್ಕೆ. ಅಮೆರಿಕದ ಸೈನ್ಯದಲ್ಲಿ ಎರಡನೆಯ ಬಗೆಯ ದೊಡ್ಡ ಗೌರವ ಶುರುವಾದದ್ದು 1942ರ ಫೆಬ್ರವರಿ 26ರಂದು, ಅಧ್ಯಕ್ಷ ರೂಸ್‌ವೆಲ್ಟ್ ಅವರ ಆದೇಶದಿಂದ. ಆಗ ಅದಕ್ಕೆ ಡಿಸ್ಟಿಂಗ್ವಿಷ್ಡ್ ಯೂನಿಟ್ ಸೈಟೇಷನ್ ಎಂಬ ಹೆಸರಿತ್ತು. ಈಗ ಪ್ರೆಸಿಡೆನ್ಶಿಯಲ್ ಯೂನಿಟ್ ಸೈಟೇಷನ್ ಎನ್ನುತ್ತಾರೆ. ಅದರಲ್ಲಿ ನೇತಾಡುವ ಪದಕ ಇಲ್ಲ. ಒಂದು ನೀಲಿ ಪಟ್ಟಿ, ಅದರ ಸುತ್ತ ಎಲೆಗಳ ಚಿತ್ತಾರದ ಚಿನ್ನದ ಬಣ್ಣದ ಚೌಕಟ್ಟು, ಅಷ್ಟೇ. ಸೈನಿಕ ತಾನೇ ಗಳಿಸಿದ ಪದಕಗಳನ್ನು ಎಡ ಎದೆಯ ಮೇಲೆ ಧರಿಸುತ್ತಾನೆ. ಈ ಪಟ್ಟಿಗೆ ಜಾಗ ಬಲ ಎದೆಯ ಮೇಲೆ. ನೋಡಿದ ತಕ್ಷಣ ಯಾವುದು ಒಬ್ಬನದು, ಯಾವುದು ಎಲ್ಲರದು ಎಂದು ಗೊತ್ತಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಈ ಏರ್ಪಾಡು.

ಇದನ್ನು ಸುಮ್ಮನೆ ಹಂಚುವುದಿಲ್ಲ. ಒಬ್ಬ ಸೈನಿಕನಿಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಸಿಗಬೇಕಾದರೆ ಎಷ್ಟು ಶೌರ್ಯ ಬೇಕೋ ಅಷ್ಟನ್ನು ಇಡೀ ದಳ ತೋರಿಸಿರಬೇಕು. ಅದು ಅಲ್ಲಿನ ಎರಡನೇ ಅತಿ ದೊಡ್ಡ ಶೌರ್ಯ ಪದಕ. ಅದೇ ಯುದ್ಧರಂಗದಲ್ಲಿದ್ದ ಬೇರೆ ದಳಗಳಿಗಿಂತ ಈ ದಳ ಎದ್ದು ಕಾಣಬೇಕು ಎಂಬ ನಿಯಮವೂ ಇದೆ.

ಒಂದು ಉದಾಹರಣೆ ಹೇಳುತ್ತೇನೆ. 1943ರ ಆಗಸ್ಟ್ 1, ಭಾನುವಾರ. ಲಿಬಿಯಾದ ಬೆಂಗಾಜಿ ಸುತ್ತಲಿನ ಮರಳು ನೆಲದಿಂದ 177 ಲಿಬರೇಟರ್ ಬಾಂಬರ್‌ಗಳು ಮೇಲೆದ್ದವು. ಗುರಿ ರುಮೇನಿಯಾದ ಪ್ಲೋಯೆಷ್ಟಿ ನಗರದ ತೈಲ ಶುದ್ಧೀಕರಣ ಘಟಕಗಳು. ಹಿಟ್ಲರನ ಸೈನ್ಯಕ್ಕೆ ಬೇಕಾದ ಎಣ್ಣೆಯ ದೊಡ್ಡ ಪಾಲು ಅಲ್ಲಿಂದ ಬರುತ್ತಿತ್ತು. ಹೋಗಿ ಬರಲು ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ. ಎತ್ತರದಲ್ಲಿ ಹಾರಲೆಂದೇ ಕಟ್ಟಿದ ವಿಮಾನಗಳನ್ನು ಅಂದು ಹೊಗೆ ಕೊಳವೆಗಳ ಮಟ್ಟಕ್ಕೆ ಇಳಿಸಿ ನುಗ್ಗಿಸಿದರು. 54 ವಿಮಾನಗಳು ಕಳೆದುಹೋದವು. 300ಕ್ಕೂ ಹೆಚ್ಚು ವೈಮಾನಿಕರು ಸತ್ತರು. ಒಂದು ವಿಮಾನ ಉರಿಯುತ್ತಾ ಊರಿನ ಮಹಿಳಾ ಜೈಲಿನ ಮೇಲೆ ಬಿತ್ತು. ಪ್ರಶಂಸಾ ಪತ್ರಗಳಲ್ಲಿ ಇಂಥ ಸಾವುಗಳಿಗೆ ಜಾಗ ಇರುವುದಿಲ್ಲ. ಇಷ್ಟಾದರೂ ಘಟಕಗಳು ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡವು.

ಆ ದಿನಕ್ಕೆ ಐದು ಮೆಡಲ್ ಆಫ್ ಆನರ್ ಬಂದವು. ಕೇನ್, ಜಾನ್ಸನ್, ಬೇಕರ್, ಜೆರ್‌ಸ್ಟಾಡ್, ಹ್ಯೂಸ್. ಐವರೂ ವಿಮಾನ ನಡೆಸಿದವರು. ಕೊನೆಯ ಮೂವರು ಹಿಂತಿರುಗಲೇ ಇಲ್ಲ. ಇದರ ಜೊತೆಗೆ ದಾಳಿಗೆ ಹೋದ 44, 93, 98, 376 ಮತ್ತು 389ನೇ ಬಾಂಬರ್ ದಳಗಳಿಗೆ, ಐದಕ್ಕೂ, ನೀಲಿ ಪಟ್ಟಿ ಸಿಕ್ಕಿತು. 44ನೇ ದಳಕ್ಕೆ ಅದೇ ವರ್ಷ ಮೇ 14ರಂದು ಜರ್ಮನಿಯ ಕೀಲ್ ಬಂದರಿನ ಮೇಲೆ ನಡೆಸಿದ ದಾಳಿಗೂ ಇದೇ ಗೌರವ ಬಂದಿದೆ. ಎರಡನೇ ಸಲ ಬಂದರೆ ಇನ್ನೊಂದು ಪಟ್ಟಿ ಕೊಡುವುದಿಲ್ಲ. ಹಳೆಯದರ ಮೇಲೆಯೇ ಓಕ್ ಎಲೆಯ ಒಂದು ಸಣ್ಣ ಚಿಹ್ನೆ ಕೂರಿಸುತ್ತಾರೆ.

ಈಗ ಅಬ್ಬಾ ಪ್ರಶ್ನೆಗೆ ಬರುತ್ತೇನೆ. ಲಿಬರೇಟರ್‌ಗೆ ನಾಲ್ಕು ಇಂಜಿನ್. ಒಂದೊಂದಕ್ಕೆ 14 ಸಿಲಿಂಡರ್, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಅಂದರೆ ಒಂದು ವಿಮಾನಕ್ಕೆ 112 ಪ್ಲಗ್. ಆ ದಿನ ಎದ್ದ ವಿಮಾನಗಳಿಗೆಲ್ಲ ಲೆಕ್ಕ ಹಾಕಿದರೆ 708 ಇಂಜಿನ್, 19,824 ಪ್ಲಗ್! ಮರುಭೂಮಿಯ ಧೂಳು ಇಂಜಿನಿನ ಒಳಗೆ ಹೊಕ್ಕು ಅದರ ಆಯುಷ್ಯವನ್ನೇ ಕಡಿಮೆ ಮಾಡುತ್ತಿತ್ತು. ದೂರದ ಹಾದಿಗೆಂದು ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಕೂರಿಸಬೇಕಿತ್ತು. ವಿಮಾನದೊಳಗೆ ಹೋಗುವವರು ಸುಮಾರು ಹತ್ತು ಜನ. ಆದರೆ ಒಂದು ದಳದಲ್ಲಿ ಮೆಕ್ಯಾನಿಕ್, ಬಾಂಬು ತುಂಬುವವರು, ಅಡುಗೆಯವರು, ಗುಮಾಸ್ತರು ಎಂದು ಸಾವಿರಕ್ಕೂ ಹೆಚ್ಚು ಜನ ನೆಲದ ಮೇಲೆಯೇ ಇರುತ್ತಿದ್ದರು. ದಳದ ಗೌರವ ಎಂದರೆ ಇವರೂ ಸೇರಿದ ಗೌರವ. ರುಮೇನಿಯಾವನ್ನು ಕಣ್ಣಿಂದ ನೋಡದ ಮೆಕ್ಯಾನಿಕ್ಕಿನ ಬಲ ಎದೆಗೂ ಪೈಲಟ್ ಧರಿಸುವ ಅದೇ ನೀಲಿ ಪಟ್ಟಿ. ಅಳತೆಯಲ್ಲೂ ಬಣ್ಣದಲ್ಲೂ ವ್ಯತ್ಯಾಸ ಇಲ್ಲ.

ವಾಣಿಜ್ಯ ವಿಭಾಗದವರಿಗೆ ಇದರ ನಿಯಮ ಬೇಗ ಅರ್ಥವಾಗುತ್ತದೆ. ಪಾಲುದಾರಿಕೆ ಲೆಕ್ಕದಲ್ಲಿ ನಾವು ಗುಡ್‌ವಿಲ್ ಓದುತ್ತೇವಲ್ಲ, ಹಾಗೆಯೇ. ಆ ಕಾರ್ಯಾಚರಣೆಯ ಕಾಲಕ್ಕೆ ದಳದಲ್ಲಿದ್ದವನು ಮುಂದೆ ಎಲ್ಲಿಗೆ ವರ್ಗವಾದರೂ ಪಟ್ಟಿಯನ್ನು ಜೀವನಪೂರ್ತಿ ಧರಿಸಬಹುದು. ನಿವೃತ್ತನಾಗುವ ಪಾಲುದಾರ ತನ್ನ ಪಾಲಿನ ಗುಡ್‌ವಿಲ್ ತೆಗೆದುಕೊಂಡು ಹೋದ ಹಾಗೆ. ಆಮೇಲೆ ದಳಕ್ಕೆ ಸೇರಿದ ಹೊಸಬನೂ ಅದನ್ನು ಧರಿಸಬಹುದು. ಆದರೆ ದಳ ಬಿಡುವ ದಿನ ತೆಗೆದಿಡಬೇಕು. ನಮ್ಮ ಪುಸ್ತಕದಲ್ಲಿ ಹೊಸ ಪಾಲುದಾರ ಗುಡ್‌ವಿಲ್‌ಗೆ ದುಡ್ಡು ತರುತ್ತಾನೆ. ಇಲ್ಲಿ ಅವನಿಗೆ ಖರ್ಚಿಲ್ಲ, ಆದರೆ ಸಿಕ್ಕಿದ್ದು ಎರವಲು.

ನೇರವಾಗಿ ಹೋರಾಡದ ರಿಪೇರಿ, ಸಾಗಣೆ, ದಾಸ್ತಾನು ಘಟಕಗಳಿಗೆ 1944ರಲ್ಲಿ ಬೇರೆಯೇ ಒಂದು ಗೌರವ ತಂದರು. ಅವರ ಅಂಗಿಯ ಬಲ ತೋಳಿನ ಕೆಳಭಾಗದಲ್ಲಿ ಚಿನ್ನದ ಬಣ್ಣದ ಎಲೆಗಳ ಹಾರದ ಗುರುತು ಇರುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಅಬ್ಬಾ ತಲೆಯಾಡಿಸಿದರು. ಆದರೆ ಬಿಡಲಿಲ್ಲ. "ದಳದ ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವನು ಕೆಲಸ ಮಾಡಿದ್ದರೆ?" ಎಂದರು. ಅಂಥವರು ನಮ್ಮ ಬೆಂಗಳೂರಿನಲ್ಲೇ ಇದ್ದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಅದೇ ಇಂದಿನ ಎಚ್‌ಎಎಲ್. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಅಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವರಲ್ಲಿ ನಮ್ಮವರು ಬಹಳ ಜನ. ಅವರು ಕಾರ್ಖಾನೆಯ ಕೆಲಸಗಾರರು, ಸಮವಸ್ತ್ರದ ಸೈನಿಕರಲ್ಲ. ಅವರು ಸರಿಪಡಿಸಿ ಕಳಿಸಿದ ವಿಮಾನ ಯಾವುದೋ ದಳಕ್ಕೆ ನೀಲಿ ಪಟ್ಟಿ ತಂದುಕೊಟ್ಟಿದ್ದರೂ ಆ ಪಟ್ಟಿ ದಳದವರಿಗೆ ಮಾತ್ರ.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಬೇಕೆಂದೇ ಹಾಳುಮಾಡಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಇದೇ ಎಚ್‌ಎಎಲ್‌ನವರು ಮತ್ತೆ ಹಾರುವಂತೆ ಮಾಡಿದರು. ಪ್ಲೋಯೆಷ್ಟಿಗೆ ಹೋಗಿದ್ದ ಅದೇ ಮಾದರಿಯ ವಿಮಾನ. 1948ರಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಅವುಗಳಿಂದಲೇ ಶುರುವಾಯಿತು. ವಾಯುಪಡೆ ಬಳಸಿ ಮುಗಿಸಿದ ಲಿಬರೇಟರ್ ಒಂದು ಈಗ ಲಂಡನ್ನಿನ ಹೆಂಡನ್ ಮ್ಯೂಸಿಯಂನಲ್ಲಿದೆ.

ಅಷ್ಟು ದೂರ ಹೋಗಲು ನಮ್ಮಿಂದಾಗದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ರಜೆಯಲ್ಲಿ ಅಬ್ಬಾರನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಅವರು ವಿಮಾನ ನೋಡುವ ಮೊದಲೇ ಇಂಜಿನ್ ಎಲ್ಲಿಟ್ಟಿದ್ದಾರೆ ಎಂದು ಕೇಳುತ್ತಾರೆ, ಅದು ಖಚಿತ.